ಬೆಂಕಿಪುರದಿಂದ ಕಾಗದನಗರದವರೆಗೆ

ಭದ್ರಾವತಿಯ ನಡುವೆ ಹರಿಯುವ ಹೊಳೆಗೆ ಹಳೇ ಸೇತುವೆ, ಹೊಸ ಸೇತುವೆ ಅಂತ ಎರಡಿವೆ. ಮಳೆಗಾಲದಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಜೋರಾಗಿ ನೀರು ಬಿಟ್ಟರೆ ಮುಳುಗುವುದು ಹೊಸದು. ಹಳೆಯದು ಹಾಗೇ ನಿಂತಿರುತ್ತದೆ. ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ನಮಗೆ ಅದು ಪಂಚಾಂಗದಷ್ಟೇ ಸಹಜ. ಆಷಾಢ, ಶ್ರಾವಣದಲ್ಲಿ ಬೆಂಗಳೂರಿನಿಂದಲೋ ಪುಣೆಯಿಂದಲೋ ಊರಿಗೆ ಫೋನ್ ಮಾಡುವ ಭದ್ರಾವತಿಯವರು ಆರೋಗ್ಯ ವಿಚಾರಿಸುವ ಮುಂಚೆ ಕೇಳುವುದು, ‘ಹೊಸ ಸೇತುವೆ ಮುಳುಗ್ತಾ?’ ಮುಳುಗಿತು ಅಂದರೆ ಕವಲಗುಂದಿಯ ಮನೆಗಳಿಗೆ ನೀರು ನುಗ್ಗಿತು, ಅಲ್ಲಿಯ ಜನ ಮತ್ತೆ ಪಾತ್ರೆಪಗಡ ಹೊತ್ತು ಎತ್ತರದ ಜಾಗ ಹುಡುಕಿಕೊಂಡು ಹೊರಟರು ಅಂತಲೇ ಅರ್ಥ.

ಈಗೀಗ ನಮ್ಮ ಊರಿನ ಬಗ್ಗೆ ಬರುವ ಬರಹಗಳೆಲ್ಲ ಶ್ರದ್ಧಾಂಜಲಿಯ ಧಾಟಿಯಲ್ಲಿರುತ್ತವೆ. ಕಾರ್ಖಾನೆ ಹೋಯಿತು, ಊರೂ ಹೋಯಿತು ಎಂಬುದು ಅವುಗಳ ಒಟ್ಟು ಸಾರ. ಹುಟ್ಟಿ ಬೆಳೆದ ಊರಿನ ನೆನಪು ನನ್ನನ್ನೂ ಕಾಡುತ್ತದೆ, ಆದರೆ ಈ ಲೆಕ್ಕಾಚಾರವನ್ನು ಒಪ್ಪಲು ನನಗೆ ಆಗುವುದಿಲ್ಲ. ಕಬ್ಬಿಣದ ಕಾರ್ಖಾನೆಗಿಂತ ಏಳು ಶತಮಾನ ಹಿಂದೆಯೇ ಇದ್ದ ಊರು ಇದು. ಆ ಕಾರ್ಖಾನೆಯಾದರೂ ಹುಟ್ಟಿದ ಮೊದಲ ವರ್ಷಗಳಲ್ಲೇ ಸಾಯುವ ಸ್ಥಿತಿಗೆ ಹೋಗಿ ಬದುಕಿ ಬಂದದ್ದು.

ಮೊದಲು ಇದರ ಹೆಸರು ಬೆಂಕಿಪುರ. ವಂಕಿ ಮಹರ್ಷಿಗಳು ತಪಸ್ಸು ಮಾಡಿದ್ದರಿಂದ ವಂಕಿಪುರ, ಅದೇ ಬೆಂಕಿಪುರವಾಯಿತು ಎಂಬುದು ಸ್ಥಳಪುರಾಣ. ಹಳೇನಗರದಲ್ಲಿರುವ ಲಕ್ಷ್ಮೀನರಸಿಂಹ ದೇವಸ್ಥಾನ 13ನೇ ಶತಮಾನದ ಹೊಯ್ಸಳರ ಕಟ್ಟಡ. ಮೂರು ಗರ್ಭಗುಡಿಗಳ ತ್ರಿಕೂಟ. ಬೇಲೂರು, ಹಳೇಬೀಡಿಗೆ ಬಸ್ಸುಗಟ್ಟಲೆ ಹೋಗುವ ಜನರಲ್ಲಿ ಇಲ್ಲಿಗೆ ಬರುವವರು ಕಡಿಮೆ. ನಾವು ಅದನ್ನು ಹೊಯ್ಸಳ ವಾಸ್ತುಶಿಲ್ಪ ಅಂತ ನೋಡಿದವರೇ ಅಲ್ಲ. ಪರೀಕ್ಷೆಯ ಮುಂಚೆ ಕೈಮುಗಿಯುವುದಕ್ಕೆ, ತೇರಿನ ದಿನ ಬೆಂಡು ಬತ್ತಾಸು ತಿನ್ನುವುದಕ್ಕೆ, ಬೇಸಿಗೆಯ ಮಧ್ಯಾಹ್ನ ನುಣುಪು ಕಂಬಕ್ಕೆ ಬೆನ್ನು ಕೊಟ್ಟು ತಣ್ಣಗೆ ಕೂರುವುದಕ್ಕೆ ಇದ್ದ ಜಾಗ ಅದು. ಲೇತ್ ಮೇಲೆ ತಿರುಗಿಸಿದ ಹಾಗಿರುವ ಆ ಕಂಬಗಳ ಉರುಟು ಬಳೆಗಳನ್ನು ಬೆರಳಿನಲ್ಲಿ ಎಣಿಸುವುದು ನಮಗೊಂದು ಆಟ. ಊರಿನ ಅರ್ಧ ಗಂಡಸರು ನಿಜವಾದ ಲೇತ್‌ಗಳ ಮುಂದೆ ನಿಂತು ದುಡಿಯುತ್ತಿದ್ದ ಕಾಲ ಅದು. ಏಳುನೂರು ವರ್ಷಗಳ ಹಿಂದೆ ಕಲ್ಲನ್ನು ತಿರುಗಿಸಿ ಕಡೆದವರ ಕಸುಬು, ಆಗ ಉಕ್ಕನ್ನು ಕಡೆಯುತ್ತಿದ್ದ ನಮ್ಮ ಮನೆಯವರ ಕಸುಬು ಎರಡಕ್ಕೂ ಒಂದು ನಂಟಿದೆ ಎಂದು ಯಾವ ಮೇಷ್ಟರೂ ನಮಗೆ ಹೇಳಲಿಲ್ಲ. ಹೇಳಿದ್ದರೆ ಇತಿಹಾಸದ ಪಾಠವನ್ನು ಇನ್ನೂ ಪ್ರೀತಿಯಿಂದ ಓದುತ್ತಿದ್ದೆವು.

1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಮಾರ್ಗ ಬೆಂಕಿಪುರದ ಮೇಲೆ ಹಾದುಹೋಯಿತು. ಮುಂದೆ ನಡೆದದ್ದಕ್ಕೆಲ್ಲ ಇದು ಮುಖ್ಯ. ಕಬ್ಬಿಣದ ಕಾರ್ಖಾನೆಗೆ ಜಾಗ ಹುಡುಕಿದವರಿಗೆ ಒಂದೇ ಕಡೆ ಹೊಳೆಯ ನೀರು, ರೈಲು, ಸುತ್ತ ಮುಗಿಯದಷ್ಟು ಕಾಡು, ಕೈಗೆಟುಕುವ ದೂರದಲ್ಲಿ ಬಾಬಾಬುಡನ್ ಗಿರಿಯ ಅದಿರು ಎಲ್ಲವೂ ಕಂಡದ್ದು ಇಲ್ಲೇ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಮರವನ್ನೇ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ತೆಗೆಯುವ ಯೋಜನೆ ತಯಾರಾಯಿತು. ಮುಚ್ಚಿದ ಪಾತ್ರೆಗಳಲ್ಲಿ ಮರ ಸುಡುವಾಗ ಹೊರಡುವ ಹೊಗೆಯನ್ನೂ ಬಿಡದೆ ಅದರಿಂದ ಮರದ ಸ್ಪಿರಿಟ್, ಟಾರು, ಅಸಿಟೇಟ್ ಹಿಂಡಿಕೊಳ್ಳುವ ಏರ್ಪಾಡು. ಅದಕ್ಕೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷ, 1918. ಕುಲುಮೆ ಹೊತ್ತಿ ಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ.

ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯ ನೆತ್ತಿಯಿಂದ ಅದಿರು ತೊಟ್ಟಿಗಳಲ್ಲಿ ಕೂತು ತಂತಿದಾರಿಯಲ್ಲಿ ತೇಲುತ್ತ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಭದ್ರಾವತಿಗೆ ಹಳಿಯ ಮೇಲೆ. ಇವತ್ತು ಕೆಮ್ಮಣ್ಣುಗುಂಡಿಗೆ ಮಂಜು ನೋಡಲು, ಗುಲಾಬಿ ತೋಟದಲ್ಲಿ ಫೋಟೊ ತೆಗೆಸಿಕೊಳ್ಳಲು ಹೋಗುವ ಎಷ್ಟೋ ಜನರಿಗೆ ತಾವು ನಿಂತಿರುವುದು ಗಣಿಯ ಬೆಟ್ಟ ಎಂಬುದೇ ಗೊತ್ತಿಲ್ಲ.

ಕಾಡಿನ ಕಥೆಯನ್ನು ಮಾತ್ರ ಮೈಸೂರಿನ ಹೆಮ್ಮೆಯ ಪುಟಗಳು ಅವಸರದಲ್ಲಿ ದಾಟಿಬಿಡುತ್ತವೆ. ಶಿವಮೊಗ್ಗ, ಕಡೂರು ಸೀಮೆಯ ಕಾಡು ವರ್ಷಗಟ್ಟಲೆ ಆ ಇದ್ದಿಲಿನ ಪಾತ್ರೆಗಳೊಳಗೆ ಹೋಯಿತು. ಮರ ಕಡಿದವರು, ಗಾಡಿಗೆ ಏರಿಸಿದವರು, ಮಲೆಜ್ವರದಲ್ಲಿ ನಡುಗುತ್ತ ಕೂಪುಗಳಲ್ಲಿ ಮಲಗಿದವರು, ಇವರ ಹೆಸರು ಯಾವ ಫಲಕದ ಮೇಲೂ ಇಲ್ಲ. ವಿಶ್ವೇಶ್ವರಯ್ಯನವರ ಬಗ್ಗೆ ನಮ್ಮ ಊರಿನವರಿಗೆ ಇರುವ ಭಕ್ತಿ ನನಗೂ ಇದೆ. ಆದರೆ ಊರು ಕಟ್ಟಿದವರು ಯಾರು ಎಂದು ಕೇಳಿದರೆ ಒಂದೇ ಹೆಸರು ಹೇಳಿ ಸುಮ್ಮನಾಗುವುದು ಸರಿಯಲ್ಲ.

ಹಾಗೆಂದು ಅವರ ಪಾಲನ್ನು ಕಡಿಮೆ ಮಾಡುವಂತೆಯೂ ಇಲ್ಲ. ಅವರ ನಿಜವಾದ ದೊಡ್ಡತನ ಕಾಣುವುದು ಕಾರ್ಖಾನೆ ಸ್ಥಾಪಿಸಿದ್ದರಲ್ಲಿ ಅಲ್ಲ, ಉಳಿಸಿದ್ದರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಕಬ್ಬಿಣಕ್ಕೆ ಚಿನ್ನದ ಬೆಲೆ ಇತ್ತು. ಕುಲುಮೆ ಹೊತ್ತುವಷ್ಟರಲ್ಲಿ ಯುದ್ಧ ಮುಗಿದು ಬೆಲೆ ಕುಸಿದಿತ್ತು. ಖರ್ಚು ಅಂದಾಜು ಮೀರಿತ್ತು. ಇದೊಂದು ಬಿಳಿಯಾನೆ ಎಂದು ಆಡಿಕೊಂಡವರು ಸಂಸ್ಥಾನದೊಳಗೇ ಇದ್ದರು. ಆಗ ಮಹಾರಾಜರು ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆಸಿದರು. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಮಂಡಳಿಯ ಅಧ್ಯಕ್ಷರು. ದುಬಾರಿ ಸಂಬಳದ ಹೊರದೇಶದವರ ಜಾಗಕ್ಕೆ ಇಲ್ಲಿಯವರನ್ನೇ ತಯಾರು ಮಾಡಿದರು, ಖರ್ಚಿಗೆ ಕಡಿವಾಣ ಹಾಕಿದರು. ತಮಗೆ ಸಲ್ಲಬೇಕಾದ ಸಂಬಳ ತೆಗೆದುಕೊಳ್ಳದೆ, ಆ ಹಣದಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ಆಗಲಿ ಅಂದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಹುಟ್ಟು ಅದರಲ್ಲಿದೆ. ಅಲ್ಲಿ ಓದಿದ ಸಾವಿರಾರು ಜನರ ಡಿಪ್ಲೊಮಾದಲ್ಲಿ ಭದ್ರಾವತಿಯ ಕುಲುಮೆಯ ಒಂದಿಷ್ಟು ಬಿಸಿ ಇದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಆಮೇಲೆ ಊರು ಬೆಳೆದ ವೇಗ ನೋಡಬೇಕು. 1936ರಲ್ಲಿ ಕಾಗದ ಕಾರ್ಖಾನೆ, ಅದೇ ದಶಕದಲ್ಲಿ ಉಕ್ಕು ಮತ್ತು ಸಿಮೆಂಟು. 1948ರಲ್ಲಿ ಜೋಗದ ವಿದ್ಯುತ್ ಬಂದಮೇಲೆ ಕರೆಂಟಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು. ಅಷ್ಟರಮಟ್ಟಿಗೆ ಕಾಡು ಉಸಿರಾಡಿತು. ಸಾಲುಸಾಲು ವಸತಿಗಳೆದ್ದವು. ನ್ಯೂಟೌನ್, ಜಿಂಕ್‌ಲೈನ್, ಹುತ್ತಾ ಕಾಲೋನಿ, ಜನ್ನಾಪುರ, ಕಾಗದನಗರ. ಮದ್ರಾಸ್ ಸೀಮೆಯಿಂದ, ಆಂಧ್ರದಿಂದ, ಕೇರಳದಿಂದ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು ಇಲ್ಲಿಯವರೇ ಆಗಿಹೋದರು. ನಮ್ಮ ಲೈನಿನ ಮಕ್ಕಳು ಮನೆಯ ಮಾತು ಯಾವುದೇ ಇರಲಿ, ಬೀದಿಯಲ್ಲಿ ಕನ್ನಡ, ತಮಿಳು ಎರಡರಲ್ಲೂ ಜಗಳವಾಡಬಲ್ಲವರಾಗಿದ್ದೆವು. ಆಡಿ ಕೃತ್ತಿಕೆಯ ದಿನ ಅರಿಶಿನ ಬಣ್ಣದ ಬಟ್ಟೆ ತೊಟ್ಟು ಕಾವಡಿ ಹೊತ್ತವರು ‘ಹರೋಹರ’ ಎಂದು ಸಾಗುವಾಗ ದಾರಿಗೆ ನೀರು ಹಾಕುತ್ತಿದ್ದುದು ಎಲ್ಲ ಮನೆಯ ಹೆಂಗಸರೂ. ರಂಜಾನಿಗೆ ಪಕ್ಕದ ಮನೆಯಿಂದ ಬಂದ ಸುರಕುಂಬದ ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ಅಮ್ಮ ಅದರಲ್ಲಿ ಚಕ್ಕುಲಿ ತುಂಬುತ್ತಿದ್ದಳು.

ಊರಿನ ಗಡಿಯಾರ ಅಂದರೆ ಕಾರ್ಖಾನೆಯ ಕೂಗು. ಯಾರ ಮನೆಯಲ್ಲೂ ‘ಆರು ಗಂಟೆಗೆ ಬಾ’ ಅನ್ನುತ್ತಿರಲಿಲ್ಲ, ‘ಫಸ್ಟ್ ಶಿಫ್ಟ್ ಕೂಗಿದ ಮೇಲೆ ಬಾ’ ಅನ್ನುತ್ತಿದ್ದರು. ಮದುವೆಯ ಮುಹೂರ್ತ, ಸೀಮೆಎಣ್ಣೆಯ ಸಾಲು, ನಲ್ಲಿಯ ನೀರು ಎಲ್ಲಕ್ಕೂ ಶಿಫ್ಟಿನ ಲೆಕ್ಕ. ನೈಟ್ ಶಿಫ್ಟ್ ಮುಗಿಸಿ ಬಂದ ಗಂಡಸರು ಹಗಲು ಮಲಗುತ್ತಿದ್ದುದರಿಂದ ಲೈನಿನ ಮಕ್ಕಳಿಗೆ ಮಧ್ಯಾಹ್ನದ ಹೊತ್ತು ಗಲಾಟೆ ಮಾಡದೆ ಆಡುವ ವಿದ್ಯೆ ಕರಗತವಾಗಿತ್ತು. ಚಿನ್ನಿದಾಂಡು ಬೇಡ, ಚೌಕಾಬಾರ ಸರಿ. ಗೋಲಿ ಆಡಬಹುದು, ಕೂಗುವಂತಿಲ್ಲ. ಯಾವ ಮನೆಯ ಬಾಗಿಲ ಮುಂದೆ ಎಣ್ಣೆ, ಬೂದಿ ಅಂಟಿದ ದಪ್ಪ ಬೂಟು ಇದೆಯೋ ಆ ಮನೆಯ ಮುಂದೆ ಆಟವಿಲ್ಲ ಎಂಬುದು ಯಾರೂ ಕಲಿಸದೆ ಬಂದ ನಿಯಮ. ರಾತ್ರಿ ಕರಗಿದ ಸ್ಲ್ಯಾಗ್ ಸುರಿದಾಗ ಆ ದಿಕ್ಕಿನ ಆಕಾಶ ಕುಂಕುಮ ಚೆಲ್ಲಿದಂತೆ ಕೆಂಪಾಗುತ್ತಿತ್ತು. ಬೇರೆ ಊರಿನಿಂದ ಬಂದ ನೆಂಟರು ಎಲ್ಲೋ ಬೆಂಕಿ ಬಿದ್ದಿದೆ ಎಂದು ಗಾಬರಿಯಿಂದ ಎದ್ದು ಕೂರುತ್ತಿದ್ದರು.

ಆಯುಧಪೂಜೆಯ ದಿನ ಮಾತ್ರ ಮನೆಯವರಿಗೂ ಕಾರ್ಖಾನೆಯೊಳಗೆ ಹೋಗಲು ಅವಕಾಶ. ವರ್ಷವಿಡೀ ಗೇಟಿನ ಹೊರಗಿನಿಂದಷ್ಟೇ ನೋಡಿದ ಜಾಗಕ್ಕೆ ಹೊಸ ಬಟ್ಟೆ ಹಾಕಿಕೊಂಡು ಹೋಗುವ ಆ ಸಂಭ್ರಮದ ಮುಂದೆ ದೀಪಾವಳಿಯೂ ಸಪ್ಪೆ. ಹಿಂದಿನ ದಿನವೇ ಯಂತ್ರಗಳನ್ನೆಲ್ಲ ಒರೆಸಿ, ತೊಳೆದು, ವಿಭೂತಿ, ಕುಂಕುಮ ಹಚ್ಚಿರುತ್ತಿದ್ದರು. ಲೇತ್‌ಗಳಿಗೆ ಚೆಂಡುಹೂವಿನ ಹಾರ, ಕ್ರೇನಿನ ಕೊಕ್ಕೆಗೆ ಬಾಳೆಕಂದು. ಬಾಗಿಲಿಗೊಂದು ಬೂದುಗುಂಬಳಕಾಯಿ ಒಡೆದು, ಕೆಂಪುನೀರು ಚೆಲ್ಲಿ, ಎಲ್ಲೆಲ್ಲೂ ಕರ್ಪೂರ ಮತ್ತು ಗ್ರೀಸ್ ಬೆರೆತ ವಾಸನೆ. ಪ್ರತಿ ವಿಭಾಗದಲ್ಲೂ ಪುರಿ, ಕಡಲೆ, ಬೆಲ್ಲದ ಪೊಟ್ಟಣ ಕೊಡುತ್ತಿದ್ದರು. ನಮ್ಮ ಅಂಗಿಯ ಜೇಬು ತುಂಬಿ ಅಮ್ಮನ ಚೀಲವೂ ತುಂಬುತ್ತಿತ್ತು.

ಯಂತ್ರಗಳೆಲ್ಲ ನಿಂತಿದ್ದ ಆ ದಿನ ನಿಲ್ಲದೇ ಇದ್ದದ್ದು ಬ್ಲಾಸ್ಟ್ ಫರ್ನೆಸ್ ಒಂದೇ. ‘ಇದಕ್ಕೆ ಹಬ್ಬ ಇಲ್ಲ ಕಣೋ’ ಎಂದು ಅಪ್ಪ ಹೇಳಿದ್ದು ನೆನಪಿದೆ. ‘ಆರಿಸಿಬಿಟ್ಟರೆ ಒಳಗಿರೋ ಕಬ್ಬಿಣ ಅಲ್ಲೇ ಹೆಪ್ಪುಗಟ್ಟುತ್ತೆ. ಆಮೇಲೆ ಕುಲುಮೆಯನ್ನೇ ಒಡೀಬೇಕು.’ ದೂರದಲ್ಲಿ ಹಗ್ಗ ಕಟ್ಟಿದ ಕಡೆ ನಮ್ಮನ್ನು ನಿಲ್ಲಿಸಿದ್ದರು. ಕುಲುಮೆಯ ಬುಡದಲ್ಲಿ ಜೇಡಿ ಮೆತ್ತಿ ಮುಚ್ಚಿದ ಬಾಯಿ. ಅದನ್ನು ಕೊರೆದು ತೆರೆದೊಡನೆ ಮೊದಲು ಕಿಡಿಗಳ ಮಳೆ, ಆಮೇಲೆ ಬಿಳಿಗೂ ಹಳದಿಗೂ ನಡುವಿನ ಬಣ್ಣದ ಒಂದು ಧಾರೆ ಮರಳಿನ ಕಾಲುವೆಯೊಳಗೆ ಹರಿಯತೊಡಗಿತು. ನೀರಿನಷ್ಟೇ ಸಲೀಸಾಗಿ, ಆದರೆ ನೀರಿನ ಸದ್ದಿಲ್ಲದೆ. ಮೇಲೆ ತೇಲುವ ಸ್ಲ್ಯಾಗ್ ಒಂದು ಕಡೆಗೆ, ಕೆಳಗಿನ ಕಬ್ಬಿಣ ಇನ್ನೊಂದು ಕಡೆಗೆ. ಉದ್ದ ಸಲಾಕೆ ಹಿಡಿದು ಕಾಲುವೆಯ ದಂಡೆಯಲ್ಲಿ ನಿಂತವರ ಕಣ್ಣಿಗೆ ನೀಲಿ ಗಾಜು, ಮೈಮೇಲೆ ದಪ್ಪ ಕೋಟು. ಅಷ್ಟು ದೂರದಲ್ಲಿದ್ದ ನಮ್ಮ ಕೆನ್ನೆಯೇ ಚುರುಗುಟ್ಟುತ್ತಿತ್ತು. ಅವರು ದಿನಾ ಅಲ್ಲೇ ನಿಲ್ಲುವವರು. ಅಪ್ಪನ ಮುಂಗೈ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಸುಟ್ಟ ಕಲೆಗಳು ಯಾಕೆ ಇದ್ದವು ಎಂಬುದನ್ನು ನಾನು ಕೇಳಿ ತಿಳಿದದ್ದಲ್ಲ, ಅವತ್ತು ನೋಡಿ ತಿಳಿದದ್ದು.

ಕಾಗದನಗರದ ಗುರುತು ಬೇರೆ. ಅದರದ್ದು ವಾಸನೆ. ಬಿದಿರು, ಮರ ಬೇಯಿಸುವ ಆ ಘಾಟು ಗಾಳಿ ತಿರುಗಿದಾಗ ಊರೆಲ್ಲ ತುಂಬುತ್ತಿತ್ತು. ರೈಲಿನಲ್ಲಿ ನಿದ್ದೆಹೋದವರು ಮೂಗಿಗೆ ಅದು ಬಡಿದರೆ ಸಾಮಾನು ಇಳಿಸಿಕೊಳ್ಳಲು ಏಳುತ್ತಿದ್ದರು. 1981ರಿಂದ ಇಲ್ಲಿ ಸುದ್ದಿ ಕಾಗದ ತಯಾರಾಗತೊಡಗಿತು. ನಾಡಿನ ಮೂಲೆಮೂಲೆಯ ಓದುಗರು ಬೆಳಗ್ಗೆ ಕಾಫಿ ಜೊತೆ ಬಿಡಿಸಿದ ಎಷ್ಟೋ ಪುಟಗಳು ಭದ್ರಾ ಹೊಳೆಯ ನೀರಿನಲ್ಲಿ ಬೆಂದು ಹಾಳೆಯಾದವು. ಭಾನುವಾರದ ಪುರವಣಿಗಳ ಕಥೆ, ಪದಬಂಧ, ಧಾರಾವಾಹಿ ಎಲ್ಲವನ್ನೂ ಹೊತ್ತದ್ದು ನಮ್ಮ ಊರಿನ ಕಾಗದ. ಅದೇ ಹೊಳೆಗೆ ಕಾರ್ಖಾನೆಗಳ ಕೊಳೆಯೂ ಸೇರುತ್ತಿತ್ತು ಎನ್ನುವುದನ್ನು ಬಿಟ್ಟು ಈ ಹೆಮ್ಮೆಯನ್ನು ಹೇಳಬಾರದು. ಕಾಗದಕ್ಕಾಗಿ ಕಾಡಿನಲ್ಲಿ ಬೆಳೆಸಿದ ನೀಲಗಿರಿ, ಅಕೇಶಿಯಾ ನೆಡುತೋಪುಗಳ ವಿಚಾರವೂ ಇದೆ. ನಲವತ್ತು ವರ್ಷದ ಗುತ್ತಿಗೆ 2020ರಲ್ಲಿ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನ ಜನ ಬೀದಿಗಿಳಿದರು. ಅವರ ಬೇಡಿಕೆ ನ್ಯಾಯವಾದದ್ದು. ಕಾಗದನಗರದಲ್ಲಿ ಕೆಲಸ ಕಳೆದುಕೊಂಡವರ ನೋವೂ ನಿಜವಾದದ್ದೇ. ನಮ್ಮ ಸೀಮೆಯಲ್ಲಿ ಈ ಎರಡೂ ಒಂದೇ ಮನೆಯ ಅಣ್ಣ ತಮ್ಮಂದಿರ ನಡುವೆ ಚರ್ಚೆಯಾಗುತ್ತವೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಭದ್ರಾವತಿ ಅಂದಕೂಡಲೇ ಎಲ್ಲರೂ ಇದನ್ನೇ ಹೇಳುತ್ತಾರೆ. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಇಲ್ಲಿ, 1949ರಲ್ಲಿ. ದೊಡ್ಡಣ್ಣ ಬೆಳ್ಳಿತೆರೆಗೆ ಹೋಗುವ ಮುಂಚೆ ಇದೇ ಕಾರ್ಖಾನೆಯ ಕಾರ್ಮಿಕ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ ಮಲೆನಾಡಿನ ಒಳಮನೆಗಳಿಗೆ ನಮ್ಮ ಊರಿನ ಹೆಸರನ್ನು ಮುಟ್ಟಿಸಿತು. ಅಡಿಕೆ ಸುಲಿಯುವ ಚಪ್ಪರಗಳಲ್ಲಿ, ಗದ್ದೆಯ ಬದುವಿನಲ್ಲಿ ರೇಡಿಯೊ ಹಾಕಿಕೊಂಡು ಕೂತವರಿಗೆ ಭದ್ರಾವತಿ ಎಂದರೆ ಕಬ್ಬಿಣವಲ್ಲ, ಕೃಷಿರಂಗ ಮತ್ತು ಕೋರಿಕೆಯ ಚಿತ್ರಗೀತೆ.

ಇಳಿಗಾಲ ಒಮ್ಮೆಲೇ ಬಂದದ್ದಲ್ಲ. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ತೆಕ್ಕೆಗೆ ಹೋಗಿ, 1998ರಲ್ಲಿ ಅದರೊಳಗೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತಮೇಲೆ ಸ್ವಂತ ಅದಿರಿಲ್ಲ, ಕಲ್ಲಿದ್ದಲು ಮೊದಲೇ ಇರಲಿಲ್ಲ. ಎಲ್ಲವನ್ನೂ ದೂರದಿಂದ ತಂದು ಕರಗಿಸುವ ಕಾರ್ಖಾನೆ, ಗಣಿಯ ಪಕ್ಕದಲ್ಲೇ ಇರುವ ದೊಡ್ಡ ಕಾರ್ಖಾನೆಗಳ ಜೊತೆ ಬೆಲೆಯಲ್ಲಿ ಹೇಗೆ ಪೈಪೋಟಿ ಮಾಡೀತು? ಮಕ್ಕಳು ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿ ಪೀಣ್ಯಕ್ಕೋ ಹೊಸೂರಿಗೋ ಬಸ್ಸು ಹತ್ತಿದರು. 2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷವಿದ್ದ ಊರಿನ ಜನಸಂಖ್ಯೆ 2011ಕ್ಕೆ 1.51 ಲಕ್ಷದ ಆಸುಪಾಸಿಗೆ ಇಳಿದಿತ್ತು. ನಾಡಿನ ಪಟ್ಟಣಗಳೆಲ್ಲ ಉಬ್ಬುತ್ತಿದ್ದ ದಶಕದಲ್ಲಿ ಒಂದು ಪಟ್ಟಣ ಕುಗ್ಗಿತು. 2015ರಲ್ಲಿ ಕಾಗದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ, ಮೊದಲ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅವರ ಜೊತೆ ಹೆಂಡತಿ ಮಕ್ಕಳೂ, ನಿವೃತ್ತರೂ, ಮಠಾಧೀಶರೂ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. 2024ರಲ್ಲಿ ಉಕ್ಕು ಖಾತೆಯ ಹೊಸ ಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿ ಅಧಿಕಾರ ವಹಿಸಿಕೊಂಡ ತಿಂಗಳೊಳಗೇ ಭದ್ರಾವತಿಗೆ ಬಂದು ಕಾರ್ಖಾನೆ ನೋಡಿಹೋದರು. ಊರು ಮತ್ತೆ ಕಾಯುತ್ತಿದೆ. ಕಾಯುವುದು ಅದಕ್ಕೆ ಹೊಸದಲ್ಲ, 1923ರಲ್ಲೂ ಕಾದಿತ್ತು.

ಕುಲುಮೆ ಮತ್ತೆ ಪೂರ್ತಿ ಹೊತ್ತಿದರೆ ನನ್ನಷ್ಟು ಸಂತೋಷಪಡುವವರು ಇನ್ನೊಬ್ಬರಿಲ್ಲ. ಆದರೆ ಆ ತೀರ್ಮಾನ ದೆಹಲಿಯದು. ನಮ್ಮ ಕೈಯಲ್ಲಿರುವುದು ಬೇರೊಂದಿದೆ. ಖಾಲಿ ಬಿದ್ದ ವಸತಿಗಳ ಹೆಂಚು ಉದುರುತ್ತಿದೆ, ಗೋಡೆಯಲ್ಲಿ ಅರಳಿಗಿಡ ಬೇರು ಬಿಟ್ಟಿದೆ. ಕೂಪಿನಲ್ಲಿ ಮರ ಕಡಿದವರು ಆಗಲೇ ಇಲ್ಲ. ಎಲೆಕ್ಟ್ರಿಕ್ ಕುಲುಮೆಗಳ ಮುಂದೆ ದುಡಿದ ತಲೆಮಾರಿಗೆ ಈಗ ಎಂಬತ್ತು ದಾಟಿದೆ. ಕಾರ್ಖಾನೆಯ ಇತಿಹಾಸ ವರದಿಗಳಲ್ಲಿ, ಗೆಜೆಟಿಯರ್‌ಗಳಲ್ಲಿ ಇದೆ. ಊರಿನ ಇತಿಹಾಸ ಇರುವುದು ಈ ಮುದುಕ ಮುದುಕಿಯರ ಬಾಯಲ್ಲಿ.

ಈಚೆಗೆ ಅಮ್ಮನನ್ನು ಕೂರಿಸಿಕೊಂಡು ನಮ್ಮ ಲೈನನ್ನು ಬಾಗಿಲಿಂದ ಬಾಗಿಲಿಗೆ ಹೇಳಿಸಿದೆ. ಮೊದಲನೆಯ ಮನೆಯಲ್ಲಿ ಪೈಪ್ ಫೌಂಡ್ರಿಯವರು, ವೆಲ್ಲೂರಿನ ಕಡೆಯವರು. ಅವರ ಮನೆಯ ಅಜ್ಜಿಗೆ ಹಾವು ಕಚ್ಚಿದ್ದಕ್ಕೆ ಔಷಧಿ ಗೊತ್ತಿತ್ತು. ಎರಡನೆಯದರಲ್ಲಿ ಕ್ರೇನ್ ಓಡಿಸುವವರು, ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಮೂರನೆಯದರಲ್ಲಿ ಕೆಲಸದಲ್ಲಿ ಗಂಡನನ್ನು ಕಳೆದುಕೊಂಡು, ಅವನ ಬದಲಿಗೆ ತಾನೇ ಕೆಲಸಕ್ಕೆ ಸೇರಿದ ಹೆಂಗಸು. ಲೈನಿನಲ್ಲಿ ಮೊದಲು ಸೈಕಲ್ ಹತ್ತಿದವಳು. ‘ಪ್ಯಾಂಟು ಶರ್ಟು ಹಾಕ್ಕೊಂಡು ಹೋಗೋರು ಕಣೋ, ಯಾರಿಗೂ ಕ್ಯಾರೇ ಅಂತಿರಲಿಲ್ಲ’ ಎಂದು ಹೇಳುವಾಗ ಅಮ್ಮನ ದನಿಯಲ್ಲಿ ಇಷ್ಟು ವರ್ಷಗಳ ಮೇಲೂ ಮೆಚ್ಚುಗೆ. ಹೀಗೆ ಸಾಲಿನ ಕೊನೆಯವರೆಗೆ ಯಾರು, ಎಲ್ಲಿಂದ ಬಂದರು, ಯಾವ ವಿಭಾಗ, ಆಮೇಲೆ ಎಲ್ಲಿಗೆ ಹೋದರು ಎಂಬುದೆಲ್ಲ ಅವಳಿಗೆ ಬಾಯಿಪಾಠ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಫೋನಿನಲ್ಲಿ ದನಿಯನ್ನೂ ಹಿಡಿದಿಟ್ಟೆ.

ಹುತ್ತಾ ಕಾಲೋನಿಯವರು, ಜಿಂಕ್‌ಲೈನಿನವರು, ಕಾಗದನಗರದವರು ಹಬ್ಬಕ್ಕೆ ಊರಿಗೆ ಹೋದಾಗ ತಮ್ಮ ತಮ್ಮ ಸಾಲನ್ನು ಹೀಗೆ ಬರೆದುಕೊಂಡು ಬರಲಿ. ಹಳೇನಗರದವರು ಕಾರ್ಖಾನೆಗೆ ಮುಂಚಿನ ಬೆಂಕಿಪುರದ ಮಾತು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಕೇಳಲಿ. ಟ್ರಂಕಿನ ತಳದಲ್ಲಿರುವ ಗೇಟ್‌ಪಾಸ್, ಕ್ಯಾಂಟೀನ್ ಕೂಪನ್, ಸಹಕಾರ ಸಂಘದ ಪಾಸ್‌ಬುಕ್, ಕಾರ್ಮಿಕ ನಾಟಕದ ಕರಪತ್ರ ಯಾವುದನ್ನೂ ರದ್ದಿಗೆ ಹಾಕಬೇಡಿ. ಅವನ್ನೆಲ್ಲ ಒಂದೆಡೆ ಇಡಲು ಊರಿನಲ್ಲೇ ಒಂದು ವಸ್ತುಸಂಗ್ರಹಾಲಯ ಬೇಕು. ಖಾಲಿ ಬಿದ್ದಿರುವ ಸಾಲುಮನೆಗಳಲ್ಲಿ ಒಂದೇ ಒಂದನ್ನು ಹೆಂಚು ಹೊದಿಸಿ ಸರಿಮಾಡಿ ಬಿಟ್ಟುಕೊಟ್ಟರೂ ಸಾಕು, ಕೆಲಸ ಶುರುಮಾಡಬಹುದು.